ಹಸಿಕಾಯಿ ಒಡೆದವನಿಗೆ ಹಾರ

ನಾನೂ ನಮ್ಮತ್ತೆಯೂ ಅಟ್ಟದಲ್ಲಿ ಕೂತು ಕೊಬ್ಬರಿಗೆ ಕಾಯಿ ಆರಿಸುತ್ತಿದ್ದೆವು. ಕಾಯಿ ಅಲ್ಲಾಡಿಸಬೇಕು. ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅಂದರೆ ಒಡೆಯಬಹುದು; ನೀರು ಕುಲುಕಿದರೆ ಅಟ್ಟದಲ್ಲೇ ಒಣಗಲು ಬಿಡಬೇಕು. ಹಸಿಯಾಗಿದ್ದಾಗ ಒಡೆದರೆ ಬೂಸ್ಟು ಹಿಡಿಯುತ್ತೆ.

ಕೆಳಗೆ ಟಿವಿಯಲ್ಲಿ ಪರದೇಶದ ನಾಯಕನೊಬ್ಬ, ಹೊಡೆದಾಡುತ್ತಿದ್ದ ಎರಡು ದೇಶದವರ ಕೈ ಕುಲುಕಿಸಿ, ಯುದ್ಧ ನಿಲ್ಲಿಸಿದೆ ಎಂದು ಬೀಗುತ್ತಿದ್ದ. ಶಾಂತಿ ಪ್ರಶಸ್ತಿಯ ಘೋಷಣೆ ಹತ್ತಿರದಲ್ಲೇ ಇತ್ತು, ಅದಕ್ಕೇ ಆ ಆತುರ. ಗಡಿ ಯಾರದು, ಮನೆ ಬಿಟ್ಟು ಓಡಿದವರು ಎಲ್ಲಿಗೆ ವಾಪಸ್ ಹೋಗಬೇಕು, ಆ ಮಾತೇ ಇಲ್ಲ.

"ಹೆಂಗೋ ಜಗಳ ನಿಂತ್ತಲ್ಲ, ಪ್ರಶಸ್ತಿ ಕೊಟ್ರೆ ಏನು ಗಂಟು ಹೋಯ್ತದೆ ಬುಡಮ್ಮ," ಅಂದರು ಟಿವಿ ಮುಂದೆ ಕೂತಿದ್ದ ಭಾವ. ಮೈ ಉರಿಯಿತು; ಅವತ್ತು ಇನ್ನೊಂದು ಕಾಯಿ ಎತ್ತಿ ಅಲ್ಲಾಡಿಸಿದೆ.

ಪ್ರಶಸ್ತಿ ಬೇರೆಯವರ ಪಾಲಾಯಿತು. ಆಮೇಲೆ ಆ ನಾಯಕ ಎರಡೂ ದೇಶಗಳ ಹೆಸರೆತ್ತಲಿಲ್ಲ. ಅಲ್ಲಿ ಮತ್ತೆ ಬಾಂಬು ಬಿದ್ದವು. ಸುದ್ದಿ ನೋಡುತ್ತಾ ಭಾವ "ಅಯ್ಯೋ ಪಾಪ" ಅಂದಾಗ ನನಗೆ ತಡೆಯಲಾಗಲಿಲ್ಲ.

"ಆತುರಕ್ಕೆ ಹಸಿಕಾಯಿ ಒಡೆದು ಅತ್ತೆ ಹತ್ರ ಬೈಸಿಕೊಳ್ಳದ ಸೊಸೆ ಈ ಮನೇಲಿಲ್ಲ ಭಾವ. ಅವನಿಗೆ ಮಾತ್ರ ಹಾರ ಹಾಕಬೇಕಿತ್ತಾ?"