ಗ್ರಂಥಾಲಯದ ಹೊರಗಿನ ಬೆಂಚು

ಅರವತ್ತರ ದಶಕದಲ್ಲಿ ನಾನು ಮೂಡಬಿದಿರೆಯ ದೊಡ್ಡಮ್ಮನ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದೆ. ನನ್ನ ಊರು ಬಂಟ್ವಾಳದ ಕಡೆ. ಚಿಕ್ಕಂದಿನಲ್ಲಿ ಬಂದ ಪೋಲಿಯೊದಿಂದ ಎಡಗಾಲು ಸೊರಗಿತ್ತು. ತೊಡೆಯಿಂದ ಕೆಳಗೆ ಎರಡು ಕಬ್ಬಿಣದ ಸರಳು, ಚರ್ಮದ ಪಟ್ಟಿಗಳು, ಕೊನೆಗೆ ಒಂದು ಭಾರದ ಬೂಟು. ಸರಳುಗಳ ತುದಿ ಬೂಟಿನ ಹಿಮ್ಮಡಿಯೊಳಗೆ ಸೇರಿಕೊಂಡಿತ್ತು. ಬೂಟು ಬಿಚ್ಚಿದರೆ ನನಗೆ ನಿಲ್ಲಲಿಕ್ಕೇ ಆಗುತ್ತಿರಲಿಲ್ಲ.

ಕಾಲೇಜಿನ ಗ್ರಂಥಾಲಯದೊಳಗೆ ಯಾರೂ ಚಪ್ಪಲಿ ಹಾಕಿಕೊಂಡು ಹೋಗುತ್ತಿರಲಿಲ್ಲ. ಹಾಗೆಂದು ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮನೆಯೊಳಗೆ ಹೋಗುವಾಗ ಬಿಡುವ ಹಾಗೆ ಎಲ್ಲರೂ ಜಗಲಿಯಲ್ಲೇ ಬಿಡುತ್ತಿದ್ದರು. ಪ್ರಿನ್ಸಿಪಾಲರೂ ಬಿಡುತ್ತಿದ್ದರು. ಮೊದಲ ಸಲ ಹೋದಾಗ ನಾನು ಹೊಸ್ತಿಲ ಹೊರಗೆ ನಿಂತೆ. ಗ್ರಂಥಪಾಲಕರು ಎದ್ದು ಬಂದರು. ವಯಸ್ಸಾದವರು, ಮೆತ್ತಗೆ ಮಾತಾಡುವವರು. ಸೀರೆಯ ಅಂಚಿನ ಕೆಳಗೆ ನನ್ನ ಬೂಟು ನೋಡಿದರು. ಮರುದಿನ ಜಗಲಿಯಲ್ಲಿ ಒಂದು ಬೆಂಚು ಇತ್ತು.

"ನಿನಗೆ ಒಳಗೆ ಬರುವ ಕಷ್ಟ ಬೇಡ ಮಗಾ. ಹೆಸರು ಹೇಳು, ನಾನೇ ತಂದು ಕೊಡ್ತೇನೆ."

ತಂದು ಕೊಟ್ಟರು. ಒಮ್ಮೆಯೂ ಬೇಸರಿಸಲಿಲ್ಲ. "ಅಂಥವರು ಸಿಗಬೇಕಲ್ಲ" ಎಂದರು ದೊಡ್ಡಮ್ಮ.

ಆದರೆ ಹೆಸರೇ ಗೊತ್ತಿಲ್ಲದ ಪುಸ್ತಕವನ್ನು ಕೇಳುವುದು ಹೇಗೆ? ಕಿಟಕಿಯಿಂದ ನೋಡುತ್ತಿದ್ದೆ. ನನ್ನ ಓರಗೆಯವರು ಕಪಾಟಿನ ಸಾಲಿನ ಮೇಲೆ ಬೆರಳಾಡಿಸಿ ಒಂದನ್ನು ಎಳೆಯುತ್ತಿದ್ದರು, ಎರಡು ಸಾಲು ಓದಿ ವಾಪಸು ಇಡುತ್ತಿದ್ದರು, ಇನ್ನೊಂದನ್ನು ತೆಗೆಯುತ್ತಿದ್ದರು. ನನಗೆ ಬೇಕಾಗಿದ್ದದ್ದು ಅಷ್ಟೇ. ನಾನು ಪಾಠದ ಪುಸ್ತಕಗಳನ್ನೇ ಕೇಳಿ ಓದಿದೆ. ಎದುರಿಗೆ ಚಪ್ಪಲಿಗಳ ಸಾಲು. ಯಾವುದು ಯಾರದ್ದೆಂದು ನೋಡಿದೊಡನೆ ತಿಳಿಯುತ್ತಿತ್ತು. ಅವರಲ್ಲಿ ಹೆಚ್ಚಿನವರ ಜೊತೆ ನಾನು ಮಾತಾಡಿಯೇ ಇರಲಿಲ್ಲ.

ಎರಡನೇ ವರ್ಷ, ಮಳೆಗಾಲದ ಆರಂಭ. ಒಂದು ಮಧ್ಯಾಹ್ನ ಗಾಳಿ ತಿರುಗಿ ಮಳೆ ನೇರ ಜಗಲಿಗೆ ಹೊಡೆಯಿತು. ಗ್ರಂಥಪಾಲಕರು ಓಡಿ ಬಂದರು. ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡರು. ಪಂಚೆಯ ಅಂಚಿನಲ್ಲಿ ಅದನ್ನು ಒರೆಸಿದರು. ಒಳಗೆ ಹೋಗಿ ಬಾಗಿಲನ್ನು ಅರ್ಧ ಎಳೆದುಕೊಂಡರು. ನಾನು ಬೆಂಚಿನಲ್ಲೇ ಇದ್ದೆ. ಇದನ್ನು ನಡೆದ ಕ್ರಮದಲ್ಲೇ ಬರೆದಿದ್ದೇನೆ. ಅವರು ಕೆಟ್ಟವರಲ್ಲ.

ಆಗ ನನ್ನ ತರಗತಿಯ ಹುಡುಗಿಯೊಬ್ಬಳು ಕೊಡೆ ಹಿಡಿದು ಜಗಲಿ ಹತ್ತಿದಳು. ನನ್ನನ್ನು ನೋಡಿದಳು, ಬಾಗಿಲನ್ನು ನೋಡಿದಳು.

"ಸಾರ್, ಶೀತ ಆಗುವುದು ಪುಸ್ತಕಕ್ಕೆ ಮಾತ್ರವಾ?"

ಒಳಗೆ ಯಾರೋ ನಕ್ಕರು. ಗ್ರಂಥಪಾಲಕರು ಹೊರಗೆ ಬಂದರು. ಅವರ ಮುಖ ಇಳಿದುಹೋಗಿತ್ತು.

"ಅಯ್ಯೋ, ಬಾ ಮಗಾ, ಒಳಗೆ ಬಾ. ಆ ಬೂಟು ಬಿಚ್ಚಿಬಿಡು."

"ಬಿಚ್ಚಿದರೆ ನಡೆಯಲಿಕ್ಕೆ ಆಗುವುದಿಲ್ಲ ಸಾರ್."

"ಬಿಚ್ಚಿ ಕಟ್ಟುವುದು ನಿನಗೆ ತೊಂದರೆ ಅಂತ ನಾನು ತಿಳಿದದ್ದು. ನೀನು ಹೇಳಲೇ ಇಲ್ಲವಲ್ಲ!"

"ನೀವು ಕೇಳಲೇ ಇಲ್ಲವಲ್ಲ ಸಾರ್" ಎಂದಳು ಅವಳು.

"ನೀನು ಸ್ವಲ್ಪ ಸುಮ್ಮನಿರು ಮಾರಾಯ್ತಿ."

ಅವರು ಹೊಸ್ತಿಲನ್ನು ನೋಡಿದರು, ಕೆಂಪು ನೆಲವನ್ನು ನೋಡಿದರು. ಬೂಟು ಹಾಗೇ ಒಳಗೆ ಬರಲಿ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಹೊಸ್ತಿಲಲ್ಲಿ ಕಾಲೊರೆಸಲು ಹಾಕಿದ್ದ ಗೋಣಿಯನ್ನು ಎತ್ತಿ ಒಳಗೆ ಹಾಸಿದರು. ಪುಸ್ತಕದ ಕಟ್ಟು ಬಂದಿದ್ದ ಇನ್ನೊಂದು ಗೋಣಿಯನ್ನು ಅದರ ಮುಂದೆ ಹಾಸಿದರು. ನಾನು ಒಂದನ್ನು ದಾಟಿದೊಡನೆ ಬಗ್ಗಿ ಅದನ್ನೆಳೆದು ಮುಂದಕ್ಕೆ ಹಾಕಿದರು. ಹೀಗೆ ಹೋದೆವು. ಸರಳಿನ ಸದ್ದಿಗೆ ತಲೆಗಳು ಎದ್ದವು, ಮತ್ತೆ ಬಗ್ಗಿದವು.

ಕಪಾಟಿನ ಎದುರು ಅವರು ಅಭ್ಯಾಸದಂತೆ ಕೈ ಚಾಚಿದರು. "ಯಾವ ಪುಸ್ತಕ?"

"ಗೊತ್ತಿಲ್ಲ ಸಾರ್. ನೋಡ್ತೇನೆ."

ಚಾಚಿದ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಂಡು ತಮ್ಮ ಮೇಜಿಗೆ ಹೋದರು. ನಾನೊಬ್ಬಳೇ ಗೋಣಿಯ ಮೇಲೆ ನಿಂತಿದ್ದೆ. ಗೋಣಿ ಬಿಟ್ಟು ಆಚೆ ಹೋಗುವ ಹಾಗಿರಲಿಲ್ಲ. ಅಲ್ಲಿಂದ ಕೈಗೆ ಎಟಕುವಷ್ಟು ಪುಸ್ತಕಗಳಿದ್ದವು. ಒದ್ದೆ ಬೆರಳನ್ನು ಸೆರಗಿನ ನೆನೆಯದ ಕಡೆಗೆ ಒರೆಸಿ ಒಂದನ್ನು ಎಳೆದೆ. ಎರಡು ಸಾಲು ಓದಿದೆ. ಹಿಡಿಸಲಿಲ್ಲ. ವಾಪಸು ಇಟ್ಟು ಇನ್ನೊಂದನ್ನು ತೆಗೆದೆ.