ಖಾಸಬಾಗದ ಪದ್ಮಶ್ರೀ ‘ಇಲ್ಲ’ ಒತ್ತಿದ್ದು

ಪದ್ಮಶ್ರೀಗೆ ನೆಟ್ಟಗೆ ಕೂತು ಗೊತ್ತಿಲ್ಲ. ಊಟಕ್ಕೆ ಕೂತಾಗಲೂ ಒಂದು ಮೊಣಕಾಲು ಎತ್ತಿಕೊಂಡೇ ಇರುತ್ತಾಳೆ, ಯಾರಾದರೂ ನೀರು ಕೇಳಿದರೆ ಎದ್ದು ಓಡಲು. ಖಾಸಬಾಗದ ಆ ಮನೆಯಲ್ಲಿ ಅತ್ತೆ ಬಾಳವ್ವ ‘ಪದ್ಮಾ’ ಎಂದರೆ ಚಹಾ, ಗಂಡ ಪ್ರಸಾದ ‘ಏ, ಕೇಳಿಲ್ಲಿ’ ಎಂದರೆ ಇಸ್ತ್ರಿಯ ಅಂಗಿ, ಕಾಲೇಜಿಗೆ ಹೋಗುವ ಮಗ ರೋಹನ ‘ಅವ್ವಾ’ ಎಂದರೆ ಅವಳ ಫೋನು. ಫೋನು ಹೆಸರಿಗಷ್ಟೇ ಅವಳದು. ಮಗನ ಆಟ, ಅತ್ತೆಯ ಪ್ರವಚನ ಎಲ್ಲ ಮುಗಿದು, ಚಾರ್ಜು ತೀರಿದ ಮೇಲೆ ಅವಳ ಕೈಗೆ ಬರುತ್ತದೆ.

ನಲವತ್ತು ದಾಟಿದ ಮೇಲೆ ಅವಳ ಮುಟ್ಟಿನ ಲೆಕ್ಕ ತಪ್ಪಿತ್ತು. ಶುರುವಾದರೆ ನಿಲ್ಲುತ್ತಿರಲಿಲ್ಲ. ಹಳೆಯ ಸೀರೆಗಳೆಲ್ಲ ಹರಿದು ಮುಗಿಯುತ್ತ ಬಂದಿದ್ದವು. ಒಗೆದ ಬಟ್ಟೆಯ ಬಕೀಟು ಹೊತ್ತು ಮಾಳಿಗೆ ಹತ್ತಿದರೆ ಕಣ್ಣು ಕತ್ತಲಿಡುತ್ತಿತ್ತು; ಗೋಡೆ ಹಿಡಿದು ನಿಂತು, ಯಾರೂ ನೋಡಲಿಲ್ಲವೆಂದು ಖಾತ್ರಿಯಾದ ಮೇಲೆ ಮತ್ತೆ ಹತ್ತುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ದವಾಖಾನೆಗೆ ಹೋಗಬೇಕು, ಹೋದರೆ ಮಲಗು ಅನ್ನುತ್ತಾರೆ, ಮಲಗಿದರೆ ರೊಟ್ಟಿ ಬಡಿಯುವವರು ಯಾರು? ಯೋಚನೆ ಪ್ರತಿಸಲವೂ ಅಲ್ಲಿಗೆ ಬಂದು ನಿಲ್ಲುತ್ತಿತ್ತು. ಅವಳು ಮಾತ್ರ ನಿಲ್ಲುತ್ತಿರಲಿಲ್ಲ.

ಅಂಥ ದಿನಗಳಲ್ಲಿ ತ್ರಿಶಲಾ ಬಂದಳು. ಅಲ್ಲೇ ಪಕ್ಕದ ಶಹಾಪುರದ ಹುಡುಗಿ, ಊರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಹೆಂಗಸರಿಗೆ ತಮ್ಮ ಆರೋಗ್ಯದ ತಿಳಿವಳಿಕೆ ಕೊಡುವ ಆ್ಯಪ್ ಒಂದನ್ನು ಅವಳ ತಂಡ ತಯಾರಿಸಿತ್ತು. ಅದನ್ನು ಮನೆಯಲ್ಲಿರುವ ಹೆಂಗಸರು ಹೇಗೆ ಬಳಸುತ್ತಾರೆ, ಎಲ್ಲಿ ಎಡವುತ್ತಾರೆ ಎಂದು ನೋಡುವುದು ಅವಳ ಕೆಲಸ. ಓದು ಬಾರದವರಿಗೂ ಆಗಲೆಂದು ಪ್ರಶ್ನೆಗಳನ್ನು ಫೋನೇ ಗಟ್ಟಿಯಾಗಿ ಓದುತ್ತಿತ್ತು. ಉತ್ತರಕ್ಕೆ ‘ಹೌದು’, ‘ಇಲ್ಲ’ ಎಂಬ ಎರಡು ಗುಂಡಿ.

“ಅಕ್ಕಾರ, ನಿಮ್ಮನ್ನ ಪರೀಕ್ಷಾ ಮಾಡಾಕ ಬಂದಿಲ್ರಿ ನಾನು, ಈ ಆ್ಯಪ್‌ನ ಪರೀಕ್ಷಾ ಮಾಡಾಕ ಬಂದೀನಿ. ಒತ್ತುವಾಗ ಮನಸ್ಸಿನ್ಯಾಗ ಏನೇನ್ ಬರತೈತಿ, ಎಲ್ಲಾ ಬಾಯಿಬಿಟ್ಟು ಹೇಳ್ಕೋತ ಹೋಗ್ರಿ.”

“ಮನಸ್ಸಿನ್ಯಾಗಿಂದೆಲ್ಲಾ?”

“ಎಲ್ಲಾರೀ.”

“ಅಕಿ ಮನಸ್ಸಿನ್ಯಾಗ ಏನಿರತೈತವಾ?” ಪಕ್ಕದಲ್ಲೇ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ಬಾಳವ್ವ ನಕ್ಕಳು. “ಒಲೀ ಮ್ಯಾಲಿನ ಹಾಲು!”

ಅಷ್ಟರಲ್ಲಿ ಫೋನು ವಾರ್ತೆ ಓದುವವರ ಶುದ್ಧ ಕನ್ನಡದಲ್ಲಿ, ಪಡಸಾಲೆ ತುಂಬ ಕೇಳುವಂತೆ ಕೇಳಿತು: “ಕಳೆದ ತಿಂಗಳಲ್ಲಿ ನಿಮಗೆ ಅತಿಯಾದ ರಕ್ತಸ್ರಾವ ಆಗಿದೆಯೇ?”

ಒಳಕೋಣೆಯಲ್ಲಿ ಪ್ರಸಾದನ ಪೇಪರಿನ ಸದ್ದು ನಿಂತಿತು. ಬಾಳವ್ವ ಸೊಪ್ಪಿನಿಂದ ತಲೆಯೆತ್ತಿ ಫೋನಿಗೇ ಉತ್ತರ ಕೊಟ್ಟಳು: “ಏ, ಇಲ್ಲವಾ! ಹೆಣ್ಣಮಕ್ಕಳಿಗೆ ಹಿಂಗ ಕೇಳ್ತಾರೇನು? ನಮ್ಮ ಸೊಸಿ ಗಟ್ಟಿ ಅದಾಳ. ಇಲ್ಲ ಅಂತ ಒತ್ತ, ಪದ್ಮಾ.”

ಪದ್ಮಶ್ರೀ ಒತ್ತಿದಳು. ಮುಂದಿನ ಪ್ರಶ್ನೆಗಳಿಗೂ ಅಷ್ಟೇ, ಫೋನು ಕೇಳಿ ಮುಗಿಸುವ ಮೊದಲೇ ಒತ್ತಿ ಒಲೆಯ ಕಡೆ ಓಡಿದಳು.

ಹೊರಡುವಾಗ ತ್ರಿಶಲಾ ಚಪ್ಪಲಿ ಹಾಕಿಕೊಳ್ಳುತ್ತ ಸಣ್ಣ ದನಿಯಲ್ಲಿ ಹೇಳಿದಳು, “ನೀವು ಒಂದ ಮಾತೂ ಆಡ್ಲಿಲ್ರಿ ಅಕ್ಕಾರ.”

“ನಿಮಗ ಉತ್ತರ ಎಲ್ಲಾ ಸಿಕ್ವಲ್ರಿ ಬಾಯಾರ,” ಎಂದು ಪದ್ಮಶ್ರೀ ಬಾಗಿಲು ಮುಂದೆ ಮಾಡಿಕೊಂಡಳು.

ಹುಡುಗಿ ಹೋದಳು, ಪ್ರಶ್ನೆ ಹೋಗಲಿಲ್ಲ. ನೆಲ ಒರೆಸುವಾಗ, ಹಿಟ್ಟು ನಾದುವಾಗ ಅದು ಕಿವಿಯಲ್ಲಿ ಕೂತು ಕೇಳುತ್ತಲೇ ಇತ್ತು. ಅಷ್ಟು ವರ್ಷದಲ್ಲಿ ಯಾರೂ ಅವಳನ್ನು ಕೇಳದ ಮಾತು. ಬಾಯಲ್ಲಿ ‘ಹೌದು, ಹೌದು’ ಎಂದು ಗೊಣಗಿಕೊಂಡು, ಅತ್ತೆಯ ಹೆಜ್ಜೆ ಕೇಳಿದರೆ ಬಾಯಿ ಮುಚ್ಚುವಳು. ಎರಡು ಸಲ ಸಾರಿಗೆ ಉಪ್ಪು ಮರೆತಳು. “ಎಲ್ಲೈತಿ ನಿನ್ನ ಲಕ್ಷ್ಯ?” ಎಂದು ಪ್ರಸಾದ ತಟ್ಟೆ ಸರಿಸಿದ.

ಬಿಸಿಲು ಬಲಿತ ಮೇಲೆ ಖಾನಾಪುರದಿಂದ ಅಣ್ಣನ ಹೆಂಡತಿ, ವೈನಿ ಮಾಯಕ್ಕನ ಕರೆ ಬಂತು. ಪ್ರತಿ ಬೇಸಿಗೆಗೂ ತವರಿಗೆ ಹೋಗಿ ಸಂಡಿಗೆ ಹಾಕಿಕೊಡುವುದು ಪದ್ಮಶ್ರೀಯ ಪಾಲಿನ ಕೆಲಸ. ಎರಡು ಮನೆಯ ವರ್ಷದ ಸಂಡಿಗೆ. ಅದಕ್ಕೆ ಎಲ್ಲರೂ ‘ತವರಿಗೆ ಹೋಗಿ ಆರಾಮ ಮಾಡಿ ಬಾ’ ಎನ್ನುತ್ತಿದ್ದರು.

ಬಸ್ಸಿನಲ್ಲಿ ಆಧಾರ್ ತೋರಿಸಿ ಹೆಂಗಸರ ಪುಕ್ಕಟೆ ಚೀಟಿ ತೆಗೆದುಕೊಳ್ಳುವಾಗ ಪಕ್ಕದಲ್ಲಿ ಬಂದು ಕೂತವಳು ತ್ರಿಶಲಾ. ಖಾನಾಪುರದ ಹೆಂಗಸರಿಗೂ ಆ್ಯಪ್ ತೋರಿಸಲು ಹೊರಟಿದ್ದಳು. ಪದ್ಮಶ್ರೀ ಸೆರಗಿನ ತುದಿಯನ್ನು ಸುತ್ತಿದಳು, ಬಿಚ್ಚಿದಳು. ಪೀರನವಾಡಿ ದಾಟಿದ ಮೇಲೆ ತಟ್ಟನೆ ಕೈಚಾಚಿದಳು.

“ಕೊಡ್ರಿ ಇಲ್ಲೆ ಆ ಫೋನ. ಅವತ್ತು ಬರೋಬರಿ ಮಾಡ್ಲಿಲ್ಲ ನಾ.”

ತ್ರಿಶಲಾ ಇಯರ್‌ಫೋನು ಸಿಕ್ಕಿಸಿ ಕೊಟ್ಟಳು. ಈ ಸಲ ಪ್ರಶ್ನೆ ಪದ್ಮಶ್ರೀಯ ಕಿವಿಗಷ್ಟೇ ಕೇಳಿತು. ಬಸ್ಸಿನ ಗಡಗಡದಲ್ಲಿ ಅವಳ ಬಾಯಿ ತಾನಾಗಿ ಬಿಚ್ಚಿಕೊಂಡಿತು.

“ಕೇಳಾಕತ್ತೈತಿ ನೋಡ್ರಿ ಮತ್ತ. ಆಗಾಕತ್ತೈತಿ, ಹೋದ ದೀವಳಿಗಿಯಿಂದ ಆಗಾಕತ್ತೈತಿ. ಈಗೂ ಐತಿ, ಸೀಟಿಗೆ ಹತ್ತೀತೇನು ಅಂತ ಅಂಜಿಕೊಂಡ ಕುಂತೀನಿ. ಹಾಲಿಗೆ ಹೆಪ್ಪು ಹಾಕಿ ಬರಾಕ ಮರತೆ. ಮಾಳಿಗಿ ಹತ್ತಿದ್ರ ಎದಿ ಡವಡವ ಅಂತೈತಿ. ಸತ್ತಗಿತ್ತೇನಂದ್ರ ಅತ್ತಿ ಗುಳಿಗಿ ಯಾರ್ ಕೊಡ್ತಾರ, ಅಕಿಗೆ ಬೆಳಿಗ್ಗೆದು ಯಾವುದು ಸಂಜೀದು ಯಾವುದು ತಿಳಿಯೂದಿಲ್ಲ...” ಎನ್ನುತ್ತಲೇ ಒತ್ತಿದಳು.

ತ್ರಿಶಲಾ ಪರದೆ ನೋಡಿದಳು. ಬಳಸುವವರ ನಡುವೆ ಬಾಯಿ ಹಾಕಬಾರದೆಂಬುದು ಅವಳ ಕೆಲಸದ ಮೊದಲ ಪಾಠ. ಮುಂದಿನ ಊರು ಮಚ್ಛೆ ಬರುವವರೆಗೆ ಅದನ್ನು ಪಾಲಿಸಿ, ಆಮೇಲೆ ಬಿಟ್ಟಳು.

“ನಾ ಹೇಳಬಾರ್ದು. ಆದ್ರ ಅಕ್ಕಾರ, ಬಾಯಿಲೆ ಇಷ್ಟೆಲ್ಲಾ ಹೇಳಿ ಬೆರಳಿಲೆ ‘ಇಲ್ಲ’ ಒತ್ತೀರಿ.”

ಪದ್ಮಶ್ರೀ ತನ್ನ ಬೆರಳನ್ನು ತಿರುಗಿಸಿ ನೋಡಿದಳು. “ರೂಢಿ ಆಗೇತ್ರಿ ಅದಕ್ಕ.” ಆಮೇಲೆ, “ಹೌದು ಒತ್ತಿದ್ರ ಏನಾಗತೈತಿ?”

“ಕೂಡಲೇ ವೈದ್ಯರನ್ನು ಕಾಣಿ ಅಂತ ಬರತೈತ್ರಿ.”

“ರೊಟ್ಟಿ ಯಾರ್ ಬಡೀಬೇಕಂತ ಬರೂದಿಲ್ಲೇನು?”

“ಅದನ್ನ ನಾವು ಹಾಕಿಲ್ರಿ,” ಎಂದಳು ತ್ರಿಶಲಾ. ಇಬ್ಬರಿಗೂ ನಗು ಬಂತು. ಪದ್ಮಶ್ರೀಯದು ನಡುವೆಯೇ ಅಳುವಾಯಿತು. ಮೂಗೊರೆಸಿಕೊಂಡು ಅವಳು ‘ಹೌದು’ ಒತ್ತಿದಳು.

ಖಾನಾಪುರದಲ್ಲಿ ಇಳಿಯುವಾಗಲೇ ಮಾಯಕ್ಕನ ಫೋನು. “ಎಲ್ಲಿ ಸತ್ತೀಯ? ಹಿಟ್ಟು ಒಲಿ ಮ್ಯಾಲ ಕುದಿಯಾಕತ್ತೈತಿ, ಬಿಸಿಲು ಏರೇತಿ!”

“ಇಳಿಸಿ ಇಡ್ರಿ ವೈನಿ. ದವಾಖಾನಿಗೆ ಹೋಗಿ ಬರ್ತೀನಿ.”

“ಯಾರಿಗೇನಾಗೇತಿ?”

“ನನಗ,” ಎಂದಳು ಪದ್ಮಶ್ರೀ. ಆ ಮಾತು ಅವಳಿಗೇ ಹೊಸದಾಗಿ ಕೇಳಿತು.

ತ್ರಿಶಲಾ ಆಸ್ಪತ್ರೆಯವರೆಗೂ ಜೊತೆಗೆ ನಡೆದಳು. ಸಾಲು ಉದ್ದವಿತ್ತು. ಪದ್ಮಶ್ರೀ ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ಒಳಗೆ ಡಾಕ್ಟರಮ್ಮ ಎಷ್ಟು ದಿನದಿಂದ ಎಂದು ಕೇಳಿದ್ದೇ ತಡ, ಬಸ್ಸಿನಲ್ಲಿ ಆಡಿದ್ದನ್ನೆಲ್ಲ ಮೊದಲಿಂದ ಶುರುಮಾಡಿದಳು.

“ಕೇಳಿದ್ದಕ್ಕ ಅಷ್ಟ ಹೇಳ್ರಿ, ಬಾಳ ಮಂದಿ ಅದಾರ.”

“ಹೇಳಾಕ ಬಂದೀನ್ರಿ, ಪೂರ್ತಿ ಕೇಳ್ರಿ.”

ರಕ್ತ ಪರೀಕ್ಷೆಯ ಚೀಟಿ ನೋಡಿದ ಮೇಲೆ ಡಾಕ್ಟರಮ್ಮನ ಅವಸರ ಇಳಿಯಿತು. ಮೈಯಲ್ಲಿ ಇರಬೇಕಾದ ರಕ್ತದಲ್ಲಿ ಅರ್ಧವೂ ಇರಲಿಲ್ಲ. ಈಗಲೇ ದಾಖಲಾಗಬೇಕು, ಸಲೈನು ಹಚ್ಚಬೇಕು, ರಕ್ತ ತರಿಸಿ ಏರಿಸಬೇಕು, ನಾಳೆ ಸ್ಕ್ಯಾನಿಂಗ್ ಎಂದರು.

ಪದ್ಮಶ್ರೀಯ ಕಾಲುಗಳು ಆಗಲೇ ಚಪ್ಪಲಿ ಹುಡುಕುತ್ತಿದ್ದವು. “ನಾಳೆ ಬರ್ತೀನ್ರಿ. ಸಂಡಿಗಿ ಹಿಟ್ಟು—”

“ನಾಳೆ ನೀವು ಬರೂದಿಲ್ಲ,” ಎಂದರು ಡಾಕ್ಟರಮ್ಮ. “ಹಿಂಗಂದು ಹೋದವರನ್ನ ಬಾಳ ನೋಡೀನಿ.”

ಪದ್ಮಶ್ರೀ ತ್ರಿಶಲಾಳ ಮುಖ ನೋಡಿದಳು. ಹೊರಗೆ, ದವಾಖಾನೆಗೇ ಹುಡುಕಿಕೊಂಡು ಬಂದಿದ್ದ ಮಾಯಕ್ಕನ ಬೈಗುಳ ಕೇಳಿಸಿತು. ಒಳಗೆ ಬಂದಾಗ ಅವಳ ಮೊಣಕೈವರೆಗೂ ಹಿಟ್ಟು ಒಣಗಿ ಬಿಳಿಚಿತ್ತು. “ಒಂದ ಹಂಡೆ ಹಿಟ್ಟು ಗಂಟಾತು, ನಿನ್ನ...” ಎಂದವಳು ನಾದಿನಿಯ ಬಿಳುಪೇರಿದ ಮುಖ ಕಂಡು ಮಾತು ನುಂಗಿದಳು. ಪದ್ಮಶ್ರೀ ಹೋಗಿ ಮಂಚದ ಮೇಲೆ ಮಲಗಿದಳು.

ಸಲೈನಿನ ಸೂಜಿ ಏರಿದ ಮೇಲೆ ಅವಳೇ ಮನೆಗೆ ಫೋನು ಮಾಡಿದಳು. ಪ್ರಸಾದ ಎಲ್ಲ ಕೇಳಿಸಿಕೊಂಡು, “ಮದಲ ಹೇಳಬಾರ್ದೇನು?” ಎಂದ. ದನಿ ನಿಜಕ್ಕೂ ನಡುಗಿತ್ತು. ಅದರ ಹಿಂದೆಯೇ, “ಮತ್ತ ಇಲ್ಲೆ... ಸಂಜಿಕಿ?”

“ಜ್ವಾಳದ ಹಿಟ್ಟು ಡಬ್ಬ್ಯಾಗ ಐತ್ರಿ. ನೀವೂ ರೋಹನನೂ ಕೂಡಿ ಬಡೀರಿ.”

“ಯಾವ ಡಬ್ಬಿ?”

“ಹುಡುಕ್ರಿ,” ಎಂದು ಫೋನು ಇಟ್ಟಳು.

ಸ್ವಲ್ಪ ಹೊತ್ತಿಗೆ ಅದು ಮತ್ತೆ ರಿಂಗಣಿಸತೊಡಗಿತು. ಮಾಯಕ್ಕ ಕೈಚಾಚಿದಳು.

“ಬಡಕೊಳ್ಳಲಿ ಬಿಡ್ರಿ ವೈನಿ,” ಎಂದು ಪದ್ಮಶ್ರೀ ಮಗ್ಗುಲು ಬದಲಿಸಿದಳು. “ಡಬ್ಬಿ ಸಿಕ್ಕಿರಾಕಿಲ್ಲ.”