ಮುಸುಕಿನಲ್ಲೊಂದು ಕಿಟಕಿ

ಮಾರ್ಚ್ ಒಂಬತ್ತು, ಭಾನುವಾರ, ಬೆಳಗಿನ ಐದು ಗಂಟೆ ಹನ್ನೆರಡು ನಿಮಿಷ. ರದ್ದಿ ಕಾಗದದ ಗೋದಾಮಿನ ಹಿಂದೆ ಬೋನಿನ ಬಾಗಿಲು ಟಪ್ಪೆಂದು ಬೀಳುತ್ತದೆ. ಒಳಗೆ ಬೂದು ಬಣ್ಣದ ಬೆಕ್ಕೊಂದು ಬುಸುಗುಡುತ್ತಿದೆ. ಬೋನಕ್ಕ ದಾಪುಗಾಲು ಹಾಕಿ ಬಂದು ದಪ್ಪ ಬಟ್ಟೆಯ ಮುಸುಕನ್ನು ಬೋನಿನ ಮೇಲೆ ಇಳಿಬಿಡುತ್ತಾರೆ. ಕತ್ತಲಾದರೆ ಬೆಕ್ಕು ಸುಮ್ಮನಾಗುತ್ತದೆ. ಆಮೇಲೆ ಮುಸುಕಿನ ಬದಿಗೆ ಹೊಲಿದ ಅಂಗೈಯಗಲದ ಕಿಟಕಿಯ ಗುಂಡಿ ಬಿಚ್ಚಿ, ಟಾರ್ಚ್ ಹಿಡಿದು ಬೆಕ್ಕಿನ ಹೊಟ್ಟೆ ನೋಡುತ್ತಾರೆ. ಮೊಲೆತೊಟ್ಟುಗಳ ಸುತ್ತಲಿನ ಕೂದಲು ಸವೆದು ತೇವವಾಗಿದೆ.

"ಅಯ್ಯೋ, ಮೇಡಂ ಹಾಲೂಡಿಸ್ತಿದಾರೆ ಅಣ್ಣ. ಬಿಡ್ಬೇಕು."

"ಮೂರು ವಾರ ಆಟ ಆಡ್ಸಿ ಇವತ್ತು ಸಿಕ್ಕಿದಾರೆ! ಇನ್ನೊಂದ್ಸಲ ಬೋನು ಹತ್ತೋಕೆ ಅವ್ರಿಗೇನು ತಲೆ ಕೆಟ್ಟಿದ್ಯಾ?" ವ್ಯಾನಿನ ಚಾಲಕ ತಲೆ ಚಚ್ಚಿಕೊಳ್ಳುತ್ತಾರೆ. "ಡಾಕ್ಟ್ರು ಬೇರೆ ಕಾಯ್ತಿರ್ತಾರೆ."

"ಮರಿಗಳನ್ನ ಡಾಕ್ಟ್ರು ಹುಡುಕಿಕೊಡ್ತಾರಾ?"

ಗೋದಾಮಿನ ಕಾವಲುಗಾರ ಇನ್ನೊಂದು ಸುದ್ದಿ ತರುತ್ತಾನೆ. ಎಂಟು ಗಂಟೆಗೆ ಲಾರಿ ಬರುತ್ತದೆ. ಗೋಡೆಯೆತ್ತರಕ್ಕೆ ಪೇರಿಸಿದ ಕಾಗದದ ಕಟ್ಟುಗಳೆಲ್ಲ ಖಾಲಿಯಾಗುತ್ತವೆ. ಮರಿಗಳು ಇದ್ದರೆ ಇಲ್ಲೇ ಎಲ್ಲೋ ಇರಬೇಕು. ಎಲ್ಲಿ ಎಂಬುದು ಬೆಕ್ಕಿಗೆ ಮಾತ್ರ ಗೊತ್ತು.

ಬೋನು ಹಿಡಿದು ತಿರುಗುವುದಕ್ಕೇ ಈ ಹೆಸರು ಪಡೆದ ಬೋನಕ್ಕನಿಗೆ ಐವತ್ತನಾಲ್ಕು ವರ್ಷ. ವೃತ್ತಿ ಹೊಲಿಗೆ. ಬೆಕ್ಕುಗಳನ್ನು ಕಾಪಾಡುವ ಅವರ ತಂಡದಲ್ಲಿ ಇರುವುದು ಏಳು ಜನ, ಐದು ಬೋನು, ಒಂದು ಹಳೆಯ ವ್ಯಾನ್. ಬೀದಿ ಬೆಕ್ಕುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಗುರುತಿಗೆ ಎಡಗಿವಿಯ ತುದಿ ಕತ್ತರಿಸಿ, ಹಿಡಿದ ಜಾಗದಲ್ಲೇ ಬಿಟ್ಟುಬರುತ್ತಾರೆ. ಗಾಯಗೊಂಡವನ್ನು ವಾಸಿ ಮಾಡುತ್ತಾರೆ, ಮರಿಗಳಿಗೆ ಮನೆ ಹುಡುಕುತ್ತಾರೆ. ಹನ್ನೊಂದು ವರ್ಷದಲ್ಲಿ ಅವರ ಕೈದಾಟಿದ ಬೆಕ್ಕುಗಳು 1,164. ಒಮ್ಮೆ ತೋರುಬೆರಳಿಗೆ ಕಚ್ಚಿಸಿಕೊಂಡು ಹದಿನೈದು ದಿನ ಸೂಜಿ ಹಿಡಿಯಲಾಗಿರಲಿಲ್ಲ. "ನನ್ ಸೊಸೆ ಬೀದಿಗಿಳಿದ್ರೆ ಮುಂದೆ ಹೋಗೋ ಬೆಕ್ಕೂ ನಿಂತು ಮಾತಾಡ್ಸತ್ತೆ, ಮನೇಲಿ ನಾನು ಕೂಗಿದ್ರೆ ಇವಳಿಗೆ ಕೇಳ್ಸಲ್ಲ" ಎಂದು ಅತ್ತೆ ಕಾಲೆಳೆಯುತ್ತಾರೆ.

ಕಿಟಕಿಯ ಕತೆಯನ್ನು ಬೋನಕ್ಕ ತಲೆಯೆತ್ತದೆ ಹೇಳುತ್ತಾರೆ. "ಆರು ವರ್ಷದ ಹಿಂದೆ. ಸಿಕ್ತಲ್ಲ ಅನ್ನೋ ಖುಷೀಲಿ ಮುಚ್ಚಿಬಿಟ್ಟೆ, ಹೊಟ್ಟೆ ನೋಡ್ಲಿಲ್ಲ. ಹಾಲೂಡಿಸೋ ತಾಯಿ ಅಂತ ಆಪರೇಷನ್ ಟೇಬಲ್ ಮೇಲೆ ಡಾಕ್ಟ್ರಿಗೆ ಗೊತ್ತಾಯ್ತು. ಮರಿಗಳು ನಮಗೆ ಸಿಕ್ಕಿದ್ದು ಮೂರನೇ ದಿನ. ನಾಲ್ಕಿದ್ವು. ಒಂದೂ ಉಳಿದಿರ್ಲಿಲ್ಲ." ಆ ವಾರವೇ ಐದೂ ಮುಸುಕಿಗೆ ಕತ್ತರಿ ಹಾಕಿ ಕಿಟಕಿ ಹೊಲಿದರು.

ಐದೂ ಇಪ್ಪತ್ತಕ್ಕೆ ಬಾಗಿಲೆತ್ತುತ್ತಾರೆ. ಬೆಕ್ಕು ಗೋಡೆ ಹಾರಿ ಮಾಯ. ಬೋನಕ್ಕ ಕಟ್ಟುಗಳಿಗೆ ಬೆನ್ನುಹಾಕಿ, ಸ್ಟೂಲ್ ಮೇಲೆ ಕೂತು, ಯಾರದೋ ಪ್ಯಾಂಟಿನ ಅಂಚು ಹೊಲಿಯತೊಡಗುತ್ತಾರೆ. ಮಡಿಲಲ್ಲಿ ತಮ್ಮ ಹೊಲಿಗೆ ಅಂಗಡಿಯಿಂದ ತಂದ ಕೈಗನ್ನಡಿ. ಯಾರಾದರೂ ನೆಟ್ಟ ನೋಟದಿಂದ ನೋಡುತ್ತಿದ್ದರೆ ತಾಯಿಬೆಕ್ಕು ಮರಿಗಳ ಹತ್ತಿರ ಸುಳಿಯುವುದಿಲ್ಲ. ಕನ್ನಡಿಯಲ್ಲಿ ನೋಡಿದರೆ ಅದಕ್ಕೆ ತಿಳಿಯುವುದಿಲ್ಲ.

"ಯಜಮಾನ್ರಿಗೂ ಹಿಂಗೇ ಕಾದಿದ್ರಾ ಅಕ್ಕ?" ಚಾಲಕ ಪಿಸುಗುಡುತ್ತಾರೆ.

"ಅವರು ಕರೆದ್ರೆ ಬರ್ತಾರಪ್ಪ. ಕಾಯೋ ಕೆಲಸಾನೇ ಕೊಟ್ಟಿಲ್ಲ."

ಆರು ಗಂಟೆಯಾಗುತ್ತದೆ. ಆರೂವರೆ. ಅಂಚು ಮುಗಿದು ಇನ್ನೊಂದು ಕಾಲಿಗೆ ದಾರ ಏರುತ್ತದೆ. ಆರೂ ನಲವತ್ತೆಂಟಕ್ಕೆ ಕನ್ನಡಿಯಲ್ಲಿ ಬೂದು ಬಾಲವೊಂದು ಹಾದು, ಮೂರನೇ ಸಾಲಿನ ಕೆಳಗಿನ ಸಂದಿಯಲ್ಲಿ ನುಸುಳುತ್ತದೆ. ಬೋನಕ್ಕನ ಸೂಜಿ ನಿಲ್ಲುತ್ತದೆ.

ಅವರು ಹತ್ತಿರ ಹೋದಾಗ ತಾಯಿ ಮತ್ತೆ ಓಡುತ್ತದೆ. ಸಂದಿಯಲ್ಲಿ ಮೂರು ಮರಿಗಳು. ಕಣ್ಣು ಈಗಷ್ಟೇ ಬಿಟ್ಟಿವೆ. ಮರಿಗಳನ್ನು ಸಣ್ಣ ಪಂಜರದಲ್ಲಿಟ್ಟು ಬೋನಿನ ತುದಿಗೆ ಜೋಡಿಸಿ ದೂರ ಸರಿಯುತ್ತಾರೆ. ಮರಿಗಳು ಒಂದೇ ಸಮ ಕೂಗುತ್ತವೆ. ಈ ಸಲ ಬೋನಿನಲ್ಲಿ ಎರೆಗೆ ಮೀನಿಟ್ಟಿಲ್ಲ. ಏಳೂ ಮೂವತ್ತೊಂದಕ್ಕೆ ಬಾಗಿಲು ಎರಡನೇ ಸಲ ಬೀಳುತ್ತದೆ. ಲಾರಿ ಬಂದಾಗ ವ್ಯಾನ್ ಗೇಟು ದಾಟುತ್ತಿರುತ್ತದೆ.

ಸಂಸಾರ ಈಗ ಹೊಲಿಗೆ ಅಂಗಡಿಯ ಟ್ರಯಲ್ ರೂಮಿನಲ್ಲಿದೆ. "ಐದು ವಾರ ಬಟ್ಟೆ ಮನೇಲೇ ಹಾಕ್ಕೊಂಡು ನೋಡಿ, ಒಳಗೆ ಬಾಣಂತಿ ಇದಾರೆ" ಎಂದು ಗಿರಾಕಿಗಳಿಗೆ ಹೇಳುತ್ತಾರೆ. ಬೋನಕ್ಕನ ಆತಂಕ ಬೇರೆಯದು. ಒಂದೇ ಬೆಳಿಗ್ಗೆ ಎರಡು ಸಲ ಸಿಕ್ಕಿಬಿದ್ದ ತಾಯಿ ಬೆದರಿ ಹಾಲೂಡಿಸದೆ ಇರಬಹುದು. ಮರಿಯ ತೂಕ ದಿನಕ್ಕೆ ಹತ್ತು ಗ್ರಾಂ ಏರಿದರೆ ಹಾಲು ಸಿಗುತ್ತಿದೆ ಎಂದರ್ಥ. ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಎಲ್ಲಕ್ಕಿಂತ ಸಣ್ಣ ಮರಿ ತೂಗಿದ್ದು 182 ಗ್ರಾಂ.

ನಿಮ್ಮ ಆಸೆ ಏನು ಎಂದರೆ ನಗುತ್ತಾರೆ. "ಬೆಕ್ಕು ಹಿಡಿಯೋರು ಎಲ್ಲೇ ಇರ್ಲಿ, ಮುಸುಕಿಗೊಂದು ಕಿಟಕಿ ಇಟ್ಕೊಳ್ಲಿ. ಹೊಲಿಯೋಕೆ ಬರ್ದಿದ್ರೆ ಬಟ್ಟೆ ತಂದ್ಕೊಡ್ಲಿ, ನಾನ್ ಹೊಲ್ಕೊಡ್ತೀನಿ."

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ. ಅಡುಗೆಮನೆಯ ತಕ್ಕಡಿಯ ಮೇಲೆ ಸಣ್ಣ ಮರಿಯನ್ನಿಟ್ಟು, ಅದರ ಒದ್ದಾಟ ನಿಲ್ಲುವವರೆಗೆ ಬೋನಕ್ಕ ಕಾಯುತ್ತಾರೆ. ಕನ್ನಡಕ ಏರಿಸಿ ಅಂಕಿ ಓದುತ್ತಾರೆ.

194 ಗ್ರಾಂ.